ಕಾಲುವೆ ದಂಡೆಯ ಓಟ

"ಏ ಹುಡುಗಿ, ಬೂಟುಗಾಲಿಲೆ ನೆಲ್ಲು ತುಳೀತೀಯಲ್ಲ. ನಾಳಿ ಇದನ್ನ ಉಣ್ಣಾಕಿ ನೀನ."

ಓಡುತ್ತಿದ್ದ ಭುವನೇಶ್ವರಿ ಗಕ್ಕನೆ ನಿಂತಳು. ತುರ್ವಿಹಾಳದ ಡಾಂಬರು ರಸ್ತೆಯ ತುಂಬ ನೆಲ್ಲು ಒಣಗಲು ಹರವಿದ್ದರು. ಪಕ್ಕದ ಮನೆಯ ಕಲ್ಯಾಣಮ್ಮ ಬರಿಗಾಲಿನಿಂದ ಅದನ್ನು ಕೆದರುತ್ತ ಬರುತ್ತಿದ್ದಳು.

"ನೀನೂ ತುಳಿಯಾಕತ್ತೀಯಲ್ಲ, ದೊಡ್ಡವ್ವಾ."

"ನಾ ತುಳಿಯೋದು ಒಣಗಲಿ ಅಂತ. ನೀ ತುಳಿಯೋದು ಮೆರಿಯಾಕ. ಕಾಲುವಿ ದಂಡಿಗೆ ಹೋಗಿ ಓಡು."

ಶನಿವಾರ ಸಿಂಧನೂರಿನಲ್ಲಿ ತಾಲ್ಲೂಕು ಮಟ್ಟದ ಓಟ. ಶಾಲೆಯಿಂದ ಒಬ್ಬಳಿಗೇ ಅವಕಾಶ. ಪಂಪಾಪತಿ ಸರ್ ಇನ್ನೂ ಯಾರ ಹೆಸರನ್ನೂ ಹೇಳಿರಲಿಲ್ಲ. "ಭುವನಿ, ನೀ ಶುರುವಿಗೆ ಕುದುರಿ, ಕೊನಿಗೆ ಎಮ್ಮಿ. ಹಿಂಗಾದ್ರ ದೀಪಾನ್ನ ಕಳಸ್ತೀನಿ" ಅಂದಿದ್ದರು.

ಎಮ್ಮೆಯಂತೆ ಎಮ್ಮೆ. ಬೆಳಿಗ್ಗೆ ಉಸ್ಮಾನ್‌ಸಾಬರ ಚಹಾದಂಗಡಿ ಮುಂದೆ ಅವಳು ಹೇಗೆ ಹಾರುತ್ತಾಳೆ ಎಂದು ಸರ್ ಬಂದು ನೋಡಬೇಕಿತ್ತು. ಅಲ್ಲಿ ಕುಳಿತವರೆಲ್ಲ ಚಹಾ ಆರಿದರೂ ಪರವಾಗಿಲ್ಲ ಎಂದು "ಶಾಭಾಸ್ ಭುವನಿ" ಅನ್ನುತ್ತಿದ್ದರು.

ಕಾಲುವೆ ದಂಡೆಯ ಮೇಲೆ ಬರೀ ಕೊಕ್ಕರೆಗಳು. ಅವು ಶಾಭಾಸ್ ಅನ್ನುವ ಪೈಕಿ ಅಲ್ಲ. ಒಂದಂತೂ ಅವಳಿಗೆ ಬೆನ್ನು ತಿರುಗಿಸಿ ಹಿಕ್ಕೆ ಹಾಕಿತು.

ಸ್ವಲ್ಪ ದೂರ ಓಡುವಷ್ಟರಲ್ಲಿ ಏದುಸಿರು ಬಂತು. ಕಾಲುಗಳು ತಾವಾಗಿಯೇ ನಡೆಯತೊಡಗಿದವು. ಅರೆ, ದಿನಾ ಶಾಲೆಯ ತನಕ ಓಡುವವಳಿಗೆ ಇವತ್ತೇನಾಯಿತು?

ರಸ್ತೆಯಲ್ಲಾಗಿದ್ದರೆ ಇಷ್ಟೊತ್ತಿಗೆ ಚಹಾದಂಗಡಿ ದಾಟಿರುತ್ತಿದ್ದಳು. ಅದರಾಚೆ ಹುಣಸೆಮರದ ತಿರುವು. ತಿರುವಿನಲ್ಲಿ ಯಾರಿಗೂ ಕಾಣುವುದಿಲ್ಲ. ಅಲ್ಲಿಂದ ಶಾಲೆಯ ತನಕ ಅವಳು ದಿನಾ ಆರಾಮಾಗಿ ನಡೆದೇ ಹೋಗುತ್ತಿದ್ದಳು. ಮಹಾರಾಯ್ತಿ ಅದನ್ನೂ ಓಟಕ್ಕೇ ಸೇರಿಸಿಕೊಂಡಿದ್ದಳು.

ಭುವನೇಶ್ವರಿಗೆ ನಾಚಿಕೆಯಾಯಿತು. ಸುತ್ತ ನೋಡಿದಳು. ನಾಚಿಕೆಪಟ್ಟದ್ದನ್ನು ನೋಡಲೂ ಅಲ್ಲಿ ಯಾರೂ ಇರಲಿಲ್ಲ.

ಮತ್ತೆ ಓಡಿದಳು. ಪಕ್ಕೆ ಹಿಡಿಯಿತು, ಗಂಟಲು ಒಣಗಿತು, ಮೂಗು ಸೋರಿತು. ಅಂಗಿಯ ತೋಳಿಗೆ ಒರೆಸಿಕೊಂಡು ಓಡಿದಳು. ಶಾಲೆಯ ಹಿಂದಿನ ಸೇತುವೆ ಮುಟ್ಟುವ ತನಕ ನಿಲ್ಲಲಿಲ್ಲ. ಅಲ್ಲಿ ಧೊಪ್ಪನೆ ಕುಳಿತಾಗ ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಯಾಕೋ ಖುಷಿಯಾಗಿತ್ತು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾಕ, ಮಾರಿ ಕೆಂಪಗಾಗೇತಿ? ಯಾರರ ಬೈದ್ರೇನು?"

"ಇಲ್ಲವ್ವಾ. ಕಾಲುವಿ ದಂಡಿಗೆ ಓಡಿ ಬಂದೀನಿ. ನಾಳಿನೂ ಅಲ್ಲೇ ಹೋಗ್ತೀನಿ, ಲಗೂ ಎಬ್ಬಸು."

"ನಾಳಿಗೆ ನೆಲ್ಲು ತುಂಬಿ ರಸ್ತೆ ಖಾಲಿ ಮಾಡ್ತಾರ ಬಿಡು. ಆ ದಂಡಿ ಮ್ಯಾಲೆ ನಿನ್ನ ಓಟ ನೋಡಾಕ ಯಾರದಾರ?"

ಭುವನೇಶ್ವರಿ ಬಿಸಿ ರೊಟ್ಟಿ ಮುರಿದು ಊದಿದಳು.

"ಯಾರೂ ಇಲ್ಲ. ಅದಕ್ಕ ಹೋಗ್ತೀನಿ."