ಮೇಣಕ್ಕೆ ಬಿದ್ದ ಬಳೆ ಸದ್ದು

"ಕೈಯಂಗಿಪ್ಪು ಬಳಿ ತೆಗ್ದಿಡಿ!"

ಸ್ವರ್ಣಲತಾ ಬೆಚ್ಚಿಬಿದ್ದಳು. ಪಿಯಾನೋದ ಮೇಲಿದ್ದ ಬೆರಳುಗಳು ಅಲ್ಲೇ ನಿಂತವು.

ಅಂದವನು ಚಂದ್ರ. ಇಲ್ಲೇ ಹತ್ತಿರದ ಸಾಲಿಗ್ರಾಮದವನೇ, ಈಗ ಮದರಾಸಿನ ಗ್ರಾಮಫೋನ್ ಪ್ಲೇಟು ಕಂಪನಿಯ ಧ್ವನಿಮುದ್ರಕ. ಅವಳ ವಾದನವನ್ನು ಪ್ಲೇಟು ಮಾಡಲೆಂದು ಯಂತ್ರ ಹೊರಿಸಿಕೊಂಡು ಬಸ್ರೂರಿನ ಈ ಮನೆಗೆ ಬಂದಿದ್ದ. ಬಂದವನ ಕಣ್ಣೆಲ್ಲ ಮೇಣದ ತಟ್ಟೆಯಲ್ಲಿ ಸದ್ದು ಕೊರೆಯುವ ಯಂತ್ರದ ಸೂಜಿಯ ಮೇಲೆ!

"ಎಂತ ಅಂದ್ರಿ?" ಅವಳು ತಿರುಗಿ ಕೇಳಿದಳು.

"ಬಳಿ ಸದ್ದ್ ಮೇಣಕ್ ಬೀಳತ್ತ್. ಯುದ್ಧದ್ ಕಾಲ, ಇಪ್ಪುದ್ ಇದೊಂದೇ ಮೇಣದ್ ತಟ್ಟಿ. ಸಂಜಿಗೆ ನಾವ್ ಹೊರಡ್ಕ್. ಬೇಗ ತೆಗೀನಿ ಮಾರಾಯ್ರೆ!"

ಸ್ವರ್ಣ ಬಾಗಿಲ ಕಡೆ ನೋಡಿದಳು. ಅಮ್ಮ ನಿಂತಿದ್ದಳು, ಬಳೆಯಿಲ್ಲದ ಬರಿಗೈಯಲ್ಲಿ. ಅಪ್ಪಯ್ಯ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಅಮ್ಮನ ಬಳೆ ಒಡೆದ ದಿನದ ಸದ್ದು ಮಗಳ ಕಿವಿಯಿಂದ ಇನ್ನೂ ಹೋಗಿಲ್ಲ.

ಬೊಂಬಾಯಿಯಿಂದ ಮಂಜಿ ಹಡಗಿನಲ್ಲಿ ಹಂಗಾರಕಟ್ಟೆ ಬಂದರಿಗೆ ಪಿಯಾನೋ ತರಿಸಿದ್ದು ಅಪ್ಪಯ್ಯ. 'ನಿನ್ ಹಂಸಧ್ವನಿ ಪ್ಲೇಟ್ ಆಯ್ಕ್ ಮಗಾ' ಎಂದು ಕೊನೆವರೆಗೂ ಹಂಬಲಿಸಿದ್ದೂ ಅವರೇ.

"ಅಮ್ಮನ್ ಎದ್ರಿಗೆ ಕೈ ಬರಿದ್ ಮಾಡ್ಕಣ್ಕಾ? ನಾ ಬಾರ್ಸುದಿಲ್ಲೆ!" ಎದ್ದೇಬಿಟ್ಟಳು.

ಕಲ್ಲೆದೆಯವ... ಊರಿನ ರೀತಿಯನ್ನೂ ಮರೆತವ!

ಚಂದ್ರ ಆಗಷ್ಟೇ ತಲೆ ಎತ್ತಿದ. ಅಮ್ಮನ ಕೈ ಕಂಡಿತು. ಅವನ ಮುಖ ಕಪ್ಪಿಟ್ಟಿತು. ಹೆಗಲ ಮೇಲಿನ ಶಲ್ಯವನ್ನು ಪರ್ರೆಂದು ಹರಿದ.

"ತಪ್ಪಾಯ್ತ್ ಅಮ್ಮ. ತೆಗೂದ್ ಬ್ಯಾಡ... ಬಟ್ಟಿ ಸುತ್ತಿರ್ ಸಾಕ್."

ಒಂದೇ ಕೈಯಲ್ಲಿ ಗಂಟು ಹಾಕಲು ಸ್ವರ್ಣಳಿಗೆ ಆಗಲಿಲ್ಲ.

"ನೀವೇ ಕಟ್ಟಿನಿ," ಅಂದಳು ಅಮ್ಮ.

ಬೆರಳು ತಾಗದಂತೆ ಅವನು ಕಟ್ಟಿದ. ಛೇ, ಅವಳ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ!

ಸ್ವರ್ಣ ನುಡಿಸಿದಳು. ಹಂಸಧ್ವನಿ ಮನೆ ತುಂಬಿತು. ಕೊನೆಯ ಸ್ವರಕ್ಕೆ ಕೈ ಎತ್ತುವಾಗ ಗಂಟು ಸಡಿಲಿತು... ಕಿಣ್!

"ಹಾಳಾಯ್ತಾ? ಒಂದ್ಸಲ ಕೇಣ್ಸಿ..."

"ಈಗ ಕೇಂಡ್ರೆ ಸೂಜಿ ತಾಗಿ ಮೇಣ ಅಳ್ಸಿ ಹೋತ್ತ್. ಮತ್ತೆ ಅದ್ರಿಂದ ಪ್ಲೇಟ್ ಆಪುದಿಲ್ಲೆ."

ಅಷ್ಟೇ ಮಾತು. ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಮದರಾಸಿಗೆ ಹೊರಟೇ ಹೋದ.

ಆಮೇಲೆ ಸ್ವರ್ಣಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನ ಸದ್ದಾದರೆ ಜಗಲಿಗೆ ಓಡುವುದು, ಸಪ್ಪೆ ಮುಖ ಹೊತ್ತು ಮರಳುವುದು. ತಟ್ಟೆಯನ್ನು ಎಸೆದೇಬಿಟ್ಟನೇ? ನನ್ನನ್ನೂ ಮರೆತನೇ? ಈ ತಳಮಳ ಪ್ಲೇಟಿಗೋ, ಅವನಿಗೋ... ಪಾಪ, ಅವಳಿಗೇ ಗೊತ್ತಿರಲಿಲ್ಲ!

ಮಳೆಗಾಲ ಕಳೆದ ಮೇಲೊಂದು ಬೆಳಿಗ್ಗೆ ಅಂಗಳದಿಂದ ಕೂಗು.

"ಹ್ವಾಯ್, ಯಾರಿದ್ರಿ ಒಳ್ಗೆ?"

ಚಂದ್ರ! ಒಂದು ಕೈಯಲ್ಲಿ ಗ್ರಾಮಫೋನು, ಇನ್ನೊಂದರಲ್ಲಿ ಪ್ಲೇಟು.

ಸೂಜಿ ಇಳಿಯಿತು. ಅಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಕೊನೆಯಲ್ಲಿ ಅದೇ... ಕಿಣ್!

"ಈ ಬಳಿ ಸದ್ದ್ ಯಾಕ್ ಉಳ್ಸಿದ್ರಿ?" ಸ್ವರ್ಣ ಸೂಜಿ ಎತ್ತಿದಳು.

"ಕಂಪನಿಯವ್ರ್ ಬ್ಯಾಡ ಅಂದ್ರ್. ನಾ ಹಟ ಹಿಡ್ದೆ. ಆ ಸದ್ದ್ ಇಲ್ದಿರ್ ಅದ್ ನಿಮ್ ಕೈಯೇ ಅಲ್ಲ."

ಅವಳು ಪ್ಲೇಟು ಮಗುಚಿದಳು. ಹಿಂಬದಿ ನುಣ್ಣಗೆ ಖಾಲಿ.

"ಆ ಬದಿಗೂ ಬಾರ್ಸ್ಕ್," ಅಂದ ಚಂದ್ರ.

"ಆಗೂ ಬಳಿ ತೆಗಿ ಅಂತ್ರಿಯಾ?"

"ಇಲ್ಲೆ..." ಅವನು ಅಮ್ಮನ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನಗು ಕಂಡಿತು. "ಇನ್ನೂ ಜಾಸ್ತಿ ಹಾಯ್ಕಣಿ. ಹಸ್ರ್ ಬಳಿ... ಮದಿಮಗ್ಳ್ ಹಾಯ್ಕಂಬುದ್. ನಾ ತತ್ತೆ."

"ತನ್ನಿ," ಪಿಸುಗುಟ್ಟಿದಳು ಸ್ವರ್ಣ. "ಬಟ್ಟಿ ಮಾತ್ರ ಸುತ್ತೂದ್ ಬ್ಯಾಡ."