ಮಣಿಕಟ್ಟಿನ ಮೇಲೊಂದು ಹನಿ

ಜೇನುಮೇಣ ಕರಗುವ ವಾಸನೆ ಮೂಗಿಗೆ ತಾಗಿದರೆ ಸಾಕು, ಗುಬ್ಬಿಗೆ ಈಗಲೂ ಐದು ವರ್ಷವಾಗಿಬಿಡುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾಳೆ. ಅಜ್ಜಿ ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಪಾತ್ರೆಯಿಟ್ಟು ಮೇಣವನ್ನೂ ಎಳ್ಳೆಣ್ಣೆಯನ್ನೂ ಕರಗಿಸುತ್ತಾರೆ. ಗುಲಾಬಿನೀರು ಬಿದ್ದೊಡನೆ ಹಳದಿ ಎಣ್ಣೆ ಕಣ್ಣೆದುರೇ ಬೆಳ್ಳಗೆ ಬೆಣ್ಣೆಯಾಗುತ್ತದೆ.

"ಈಗ ಕೈ ಕೊಡು ಗುಬ್ಬಿ," ಎಂದು ಅಜ್ಜಿ ಅವಳ ಎಡಗೈ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಇಡುತ್ತಿದ್ದರು. "ಸುಡುತ್ತಾ?"

"ಇಲ್ಲ."

"ಹಾಗಾದ್ರೆ ಪರಿಮಳ ಹಾಕೋ ಹೊತ್ತಾಯ್ತು."

ಒಂಬತ್ತನೇ ವಯಸ್ಸಿನಲ್ಲಿ ಆ ಪಾತ್ರೆಯನ್ನು ತಾನೇ ಇಳಿಸಲು ಹೋಗಿ ಅವಳು ಕೈ ಸುಟ್ಟುಕೊಂಡಳು. ಅದೇ ಎಡ ಮಣಿಕಟ್ಟಿನ ಮೇಲೆ ಎಲೆಯಾಕಾರದ ಒಂದು ನುಣುಪು ಕಲೆ ಉಳಿಯಿತು. ಹನಿ ಇಡುವ ಅಭ್ಯಾಸವೂ ಉಳಿಯಿತು.

ಈಗ ಅವಳಿಗೆ ಇಪ್ಪತ್ತೊಂಬತ್ತು. ಅಜ್ಜಿಯ ಕೈಗೆ ನಡುಕ ಬಂದ ಮೇಲೆ ಮೈಗೆ ಹಚ್ಚುವ ಈ ಕ್ರೀಮ್ ಮಾಡುವುದು ಅವಳ ಕೆಲಸವಾಗಿತ್ತು. ಪೇಟೆಯ ದೊಡ್ಡ ಅಂಗಡಿಯಾಕೆ ಒಮ್ಮೆ ಕೈಗೆ ಹಚ್ಚಿಕೊಂಡು ನೋಡಿ, ಕಿಟಕಿಯ ಪಕ್ಕದ ಒಂದು ಇಡೀ ಶೆಲ್ಫ್ ಕೊಡುತ್ತೇನೆ ಅಂದಿದ್ದಳು. ಆದರೆ ಆರು ತಿಂಗಳು ಇಟ್ಟರೂ ಕೆಡುವುದಿಲ್ಲ ಎಂದು ಲ್ಯಾಬಿನವರು ಬರೆದುಕೊಡಬೇಕು. ಎರಡು ಸಲ ಸ್ಯಾಂಪಲ್ ಕಳಿಸಿದ್ದಾಯಿತು. ಎರಡು ಸಲವೂ ಫೇಲ್. ಮುಂದಿನ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಆ ಶೆಲ್ಫ್ ಬೇರೆಯವರಿಗೆ ಎಂದು ಅಂಗಡಿಯಾಕೆ ಹೇಳಿ ಕಳಿಸಿದ್ದಳು.

ಎರಡನೇ ರಿಪೋರ್ಟು ಕೈಯಲ್ಲಿ ಹಿಡಿದು ಗುಬ್ಬಿ ಲ್ಯಾಬಿಗೆ ನುಗ್ಗಿದಳು. ಕೌಂಟರಿನ ಹಿಂದೆ ಬಿಳಿ ಕೋಟಿನವನೊಬ್ಬ ನಿಂತಿದ್ದ. ಜೇಬಿನಲ್ಲಿ ಪೆನ್ನಿನ ಬದಲು ಒಂದು ಥರ್ಮಾಮೀಟರು.

"ಸೈನ್ ಮಾಡಿರೋದು ನೀವೇನಾ?"

"ಹೌದು. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಜಗಳ ಆಡೋಕೆ ಬಂದಿದ್ದೀನಿ."

"ಕೂತೇ ಆಡಬಹುದು. ಕುರ್ಚಿ ಗಟ್ಟಿಯಾಗಿದೆ."

ನಗು ಬಂತು, ಆದರೆ ತಡೆದುಕೊಂಡಳು. ಆರು ತಿಂಗಳಲ್ಲಿ ಕೆಡುವುದನ್ನು ನಾಲ್ಕೇ ವಾರದಲ್ಲಿ ಕೆಡಿಸಿ ತೋರಿಸುವ ಬಿಸಿ ಕಪಾಟಿನಿಂದ ಅವನು ಅವಳದೇ ಡಬ್ಬಿ ತಂದು ಮುಚ್ಚಳ ತೆರೆದ. ಬಿಳಿ ಕ್ರೀಮಿನ ಅಂಚಿನಲ್ಲಿ ಎಳ್ಳಿನಷ್ಟೇ ಸಣ್ಣದಾಗಿ ಮೂರು ಹಸಿರು ಚುಕ್ಕೆ.

"ಮೂಸಿ ನೋಡಿ," ಅಂದ.

ಮೂಸಿದಳು. ಮೇಣದ ವಾಸನೆ ಮಾತ್ರ ಬಂತು. ಗುಲಾಬಿಯ ಸುಳಿವೇ ಇರಲಿಲ್ಲ.

"ಪರಿಮಳ ಎಷ್ಟು ಹಾಕ್ತೀರಿ?" ಅವಳು ಹೇಳಿದಳು. ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಎಷ್ಟು? ಅದನ್ನೂ ಹೇಳಿದಳು. ಚಮಚದ ಅಳತೆಯಾ? ಅಲ್ಲ, ಗ್ರಾಮ್ ಲೆಕ್ಕದ ತಕ್ಕಡಿ. ನೀರು? ಕುದಿಸಿ ಆರಿಸಿದ್ದು. ಡಬ್ಬಿ? ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಬೋರಲು ಹಾಕಿ ಒಣಗಿಸಿದ್ದು.

ಅವನು ತಲೆಯೆತ್ತಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. "ನಿಮ್ಮಷ್ಟು ಶುಚಿಯಾಗಿ ದೊಡ್ಡ ಕಂಪನಿಯವರೂ ಮಾಡಲ್ಲ."

"ಹಾಗಿದ್ರೆ ಫೇಲ್ ಯಾಕೆ ಮಾಡಿದ್ರಿ?"

"ನಾನು ಮಾಡಿಲ್ಲ, ಅದೇ ಆಗಿದೆ. ಪರಿಮಳ, ಪ್ರಿಸರ್ವೇಟಿವ್ ಎರಡನ್ನೂ ಕ್ರೀಮ್ ಎಷ್ಟು ಬಿಸಿ ಇದ್ದಾಗ ಹಾಕ್ತೀರಿ?"

"ಉಗುರುಬೆಚ್ಚಗೆ. ಅಷ್ಟೂ ಗೊತ್ತಿಲ್ವಾ ನನಗೆ?"

ಅವನು ರಿಪೋರ್ಟನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ತಿರುಗಿಸಿ, ಹಿಂಬದಿಯಲ್ಲಿ ಏನೋ ಬರೆದುಕೊಟ್ಟ. ಬಸ್ಸಿನಲ್ಲಿ ಓದಿದಳು. ಸಣ್ಣ ಅಕ್ಷರದಲ್ಲಿ ಏಳು ಸಾಲು. ಎಣ್ಣೆ ಮತ್ತು ನೀರು ಎರಡೂ ಒಂದೇ ಬಿಸಿಯಲ್ಲಿರುವಾಗ ಸೇರಿಸಿ. ಆರುವವರೆಗೂ ಕೈಯಾಡಿಸುವುದನ್ನು ನಿಲ್ಲಿಸಬೇಡಿ. ಬಿಸಿ ಡಬ್ಬಿಗೆ ಮುಚ್ಚಳ ಹಾಕಬೇಡಿ, ಒಳಗೆ ಬೆವರು ಕೂರುತ್ತದೆ. ಹೀಗೆ ಆರು ಸಾಲು. ಏಳನೆಯದು: 'ಇದೆಲ್ಲ ನಿಮಗೆ ಗೊತ್ತಿರಬಹುದು. ಹಾಗಿದ್ದರೆ ನೀವು ಮಾಡುವುದನ್ನು ಒಮ್ಮೆ ನೋಡಬೇಕು. ಭಾನುವಾರ ನನಗೆ ಬಿಡುವಿದೆ.'

ಗುಬ್ಬಿ ಆ ಏಳನೇ ಸಾಲನ್ನು ಎರಡು ಸ್ಟಾಪು ದಾಟುವವರೆಗೂ ಓದಿದಳು.

"ಫೇಲ್ ಮಾಡಿ ಮಾಡಿ ಹತ್ತಿರ ಬರ್ತಿದ್ದಾನೆ, ಕಿಲಾಡಿ," ಮನೆಯಲ್ಲಿ ಆ ಸಾಲನ್ನು ಓದಿಸಿಕೊಂಡು ಅಂದರು ಅಜ್ಜಿ.

"ಅವರು ಹಾಗಲ್ಲ ಅಜ್ಜಿ."

"ಒಂದು ಸಲ ನೋಡಿದ್ದಕ್ಕೇ ಹೇಗೆ ಅಂತ ಗೊತ್ತಾಗಿಹೋಯ್ತಾ?"

ಭಾನುವಾರ ಬೆಳಿಗ್ಗೆ ಅವನು ಬಂದ. ಜೇಬಿನಲ್ಲಿ ಅದೇ ಥರ್ಮಾಮೀಟರು ಇತ್ತು. ಅಜ್ಜಿ ಅವನನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಟ್ರೇಯಲ್ಲಿ ಸಾಸರಿನ ಮೇಲೆ ಕಪ್ಪಿಟ್ಟು ಟೀ ಕೊಟ್ಟರು. ಆ ಮನೆಯ ಕ್ರಮವೇ ಹಾಗೆ. ಹೊರಗಿನವರಿಗೆ ಟ್ರೇ, ಸಾಸರು, ಮುಂದಿನ ಕೋಣೆ. ಮನೆಯವರಾದರೆ ಅಡುಗೆಮನೆಯಲ್ಲಿ ಕೈಯಿಂದ ಕೈಗೆ ತಟ್ಟೆ. ಅವನು ಟೀ ಕುಡಿದು, ಕಪ್ಪನ್ನು ತಾನೇ ಒಯ್ದು ತೊಳೆದಿಟ್ಟ. ಅಜ್ಜಿ ಅದನ್ನು ಕಂಡೂ ಕಾಣದವರಂತೆ ಇದ್ದರು.

ಒಲೆ ಹೊತ್ತಿತು. ಗುಬ್ಬಿ ತೂಗಿದಳು, ಕರಗಿಸಿದಳು. ಅವನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಕೈಯಿಂದ ಚಮಚ ಜಾರಿತು.

"ನೀವು ಹಾಗೆ ನೋಡ್ಬೇಡಿ."

"ನೋಡೋಕೇ ಬಂದಿದ್ದು."

"ಪಾತ್ರೆ ನೋಡಿ ಅಂದೆ."

"ಸರಿ," ಅಂದ. ಒಂದು ನಿಮಿಷ ಬಹಳ ಶ್ರದ್ಧೆಯಿಂದ ಪಾತ್ರೆಯನ್ನೇ ನೋಡಿದ.

ಎಣ್ಣೆಯೂ ಗುಲಾಬಿನೀರೂ ಕೂಡಿದವು. ಹಳದಿ ಮಾಯವಾಗಿ ಬಿಳುಪು ತೇಲಿ ಬಂದಾಗ ಅವನು ಗೋಡೆ ಬಿಟ್ಟು ಮುಂದೆ ಬಂದ, ಜಾದೂ ನೋಡುವ ಮಗುವಿನಂತೆ. ದಿನಕ್ಕೆ ಹತ್ತು ಡಬ್ಬಿಗಳ ಹಣೆಬರಹ ಬರೆಯುವವನು ಅವುಗಳಲ್ಲಿ ಒಂದಾದರೂ ಹುಟ್ಟುವುದನ್ನು ನೋಡಿರಲಿಲ್ಲ. ಗುಬ್ಬಿ ಒಲೆ ಆರಿಸಿ ಸ್ವಲ್ಪ ಹೊತ್ತು ಕೈಯಾಡಿಸಿದಳು. ಆಮೇಲೆ ಎಡಗೈ ಮಣಿಕಟ್ಟಿನ ಮೇಲೆ ಒಂದು ಹನಿ ಇಟ್ಟುಕೊಂಡಳು.

"ಆಯ್ತು, ಉಗುರುಬೆಚ್ಚಗಿದೆ," ಎಂದು ಪರಿಮಳದ ಬಾಟಲಿಗೆ ಕೈ ಚಾಚಿದಳು.

"ಒಂದು ನಿಮಿಷ." ಅವನು ಚಮಚದ ತುದಿಯಿಂದ ಒಂದು ಹನಿಯನ್ನು ತನ್ನ ಮಣಿಕಟ್ಟಿಗೆ ತಾಗಿಸಿದ. ತಕ್ಷಣ ಕೈ ಕೊಡವಿದ. ಚರ್ಮ ಕೆಂಪಾಗಿತ್ತು. ಥರ್ಮಾಮೀಟರು ಪಾತ್ರೆಗಿಳಿಯಿತು. ಅರವತ್ತೆರಡು.

"ಸಾಧ್ಯವೇ ಇಲ್ಲ," ಅಂದಳು ಗುಬ್ಬಿ. "ನನಗೆ ಸುಡಲೇ ಇಲ್ಲ."

ಅವನು ಅವಳ ಎಡಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದ. ಕಲೆಯ ಮೇಲಿದ್ದ ಹನಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಆಮೇಲೆ ಹೆಬ್ಬೆರಳನ್ನು ಕಲೆಯ ಮೇಲೆ ಹಗುರವಾಗಿ ಇಟ್ಟ.

"ಇದು ಗೊತ್ತಾಗುತ್ತಾ?"

"ಇಲ್ಲ."

ಬೆರಳು ಅರ್ಧ ಇಂಚು ಆಚೆ ಸರಿಯಿತು. "ಇದು?"

ಗೊತ್ತಾಯಿತು. ಭುಜದವರೆಗೂ ಗೊತ್ತಾಯಿತು. "ಹ್ಞೂಂ," ಅಂದಳು.

ಇಪ್ಪತ್ತು ವರ್ಷ ಅವಳು ಬಿಸಿ ಗೊತ್ತಾಗದ ಜಾಗದಲ್ಲೇ ಬಿಸಿ ನೋಡುತ್ತಿದ್ದಳು. ಸುಡುವ ಕ್ರೀಮಿಗೆ ಹಾಕಿದ ಪರಿಮಳ ಹಾರಿಹೋಗುತ್ತಿತ್ತು, ಅವಳು ಬಳಸುತ್ತಿದ್ದ ಪ್ರಿಸರ್ವೇಟಿವ್ ಆ ಕಾವಿಗೆ ಶಕ್ತಿ ಕಳೆದುಕೊಳ್ಳುತ್ತಿತ್ತು. ಮನೆ ಮಟ್ಟಿಗೆ ಮಾಡಿ ವಾರದಲ್ಲಿ ಮುಗಿಸುತ್ತಿದ್ದಾಗ ಇದು ಯಾರಿಗೂ ಗೊತ್ತಾಗಿರಲಿಲ್ಲ.

"ನನ್ನ ಕ್ರಮದಲ್ಲೇನೂ ತಪ್ಪಿಲ್ಲ," ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅಂದರು. "ಕೈ ಬದಲಾಯಿಸು, ಅಷ್ಟೇ."

"ನಲವತ್ತಕ್ಕೆ ಇಳೀಲಿ," ಅಂದ ಅವನು. "ಅಲ್ಲಿವರೆಗೂ ಕಾಯೋಣ."

ಇಪ್ಪತ್ತೆರಡು ಡಿಗ್ರಿ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದ್ದರೆ ಗುಬ್ಬಿ ಆವತ್ತು ಎರಡೇ ನಿಮಿಷ ಅನ್ನುತ್ತಿದ್ದಳು. ಗಡಿಯಾರ ಮುಕ್ಕಾಲು ಗಂಟೆ ಅಂದಿತು. ಸರದಿಯ ಮೇಲೆ ಕೈಯಾಡಿಸಿದರು. ಚಮಚ ಬದಲಾಗುವಾಗ ಬೆರಳು ತಾಕಿದರೆ ಇಬ್ಬರೂ ಥರ್ಮಾಮೀಟರನ್ನೇ ನೋಡಿದರು. ಪಾತ್ರೆ ಆರುತ್ತಿತ್ತು. ಅವಳ ಕೆನ್ನೆ ಮಾತ್ರ ಆರಲಿಲ್ಲ.

ನಲವತ್ತಾದಾಗ ಅವಳು ಬಲಗೈ ಚಾಚಿದಳು. ಅವನು ಹನಿ ಇಟ್ಟ.

"ಸುಡುತ್ತಾ?"

"ಇಲ್ಲ," ಅಂದಳು. "ಹಿತವಾಗಿದೆ."

ಪ್ರಿಸರ್ವೇಟಿವ್ ಬಿತ್ತು, ಪರಿಮಳ ಬಿತ್ತು. ಆವತ್ತು ಸಂಜೆಯವರೆಗೂ ಮನೆ ತುಂಬ ಗುಲಾಬಿ.

ಹೊಸ ಸ್ಯಾಂಪಲ್ಲು ಲ್ಯಾಬಿಗೆ ಹೋಯಿತು. ನಾಲ್ಕು ವಾರ ಅದು ಬಿಸಿ ಕಪಾಟಿನಲ್ಲಿ ಕೂತಿತು. ಅವಳಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವನಿಂದ ಒಂದು ಫೋನೂ ಬರಲಿಲ್ಲ. ಅಂಗಡಿಯಾಕೆಯ ಗಡುವಿಗೆ ಎರಡೇ ದಿನವಿರುವಾಗ ಹೋಗಿ ಲಕೋಟೆ ತೆಗೆದುಕೊಂಡಳು. ಕೌಂಟರಿನಲ್ಲಿ ಬೇರೆ ಯಾರೋ ಇದ್ದರು.

ಪಾಸ್. ಚುಕ್ಕೆಯಿಲ್ಲ, ಒಡೆದಿಲ್ಲ, ಪರಿಮಳ ಹಾಗೇ ಇದೆ.

ಅವಳು ಮೊದಲು ಕಾಗದವನ್ನು ತಿರುಗಿಸಿದಳು. ಹಿಂಬದಿ ಖಾಲಿ. ಸಹಿಯೂ ಅವನದಲ್ಲ, ಯಾರೋ ಹಿರಿಯ ಮೇಡಂದು. ಗೆದ್ದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಕಣ್ಣು ತುಂಬಿತು. ಕೆಲಸ ಮುಗಿಯಿತು, ಇನ್ನೇನಿದೆ ಅಂದುಕೊಂಡಿರಬೇಕು ಅವನು.

ಮನೆಗೆ ಬಂದರೆ ಗೇಟಿನ ಹೊರಗೆ ಅವನು ನಿಂತಿದ್ದ. ಕೋಟಿಲ್ಲ, ಜೇಬೂ ಖಾಲಿ.

"ಸಿಕ್ತಾ?"

"ಸಿಕ್ತು. ನೀವು ಸೈನ್ ಮಾಡಿಲ್ಲ."

"ಮಾಡ್ಲಿಲ್ಲ."

"ನೋಡೋಕೂ ಬೇಡವಾಯ್ತಾ?"

"ಆ ಭಾನುವಾರ ಆದ ಮೇಲೆ ನಿಮ್ಮ ಡಬ್ಬಿ ನಾನು ಮುಟ್ಟಬಾರದಿತ್ತು. ಮೇಡಂ ಹತ್ರ ಹೋಗಿ ಹೇಳ್ದೆ, ಇದನ್ನ ನೀವೇ ಟೆಸ್ಟ್ ಮಾಡಿ, ನಾನು ಮಾಡಿದ್ರೆ ನ್ಯಾಯ ಆಗಲ್ಲ ಅಂತ. ಯಾಕಪ್ಪಾ ಅಂದ್ರು."

"ಏನಂದ್ರಿ?"

ಅವನು ಗೇಟಿನ ಕೊಂಡಿಯನ್ನು ಮೇಲೆ ಕೆಳಗೆ ಮಾಡಿದ. "ಅದು ಪಾಸಾಗ್ಲಿ ಅಂತ ದಿನಾ ಬೇಡ್ಕೊಳ್ತಿದ್ದೀನಿ ಅಂದೆ. ಪಾಸಾದ್ರೆ ಅವರು ಇನ್ನು ಇಲ್ಲಿಗೆ ಬರಲ್ಲ ಅಂತ ಭಯಾನೂ ಆಗ್ತಿದೆ ಅಂದೆ. ಮೇಡಂ ನಕ್ಕುಬಿಟ್ರು. ರಿಪೋರ್ಟ್ ಬರೋವರೆಗೂ ನಿಮಗೆ ಫೋನ್ ಕೂಡ ಮಾಡಬಾರದು ಅಂದ್ರು. ನಾಲ್ಕು ವಾರ ಆಯ್ತು, ನನಗೆ ಊಟಾನೇ ಸೇರ್ತಿಲ್ಲ."

ಗುಬ್ಬಿ ಎಡಗೈಯಿಂದ ಕಣ್ಣೊರೆಸಿಕೊಂಡಳು. ಬಲಗೈಯನ್ನು ಗೇಟಿನ ಮೇಲಿಂದ ಚಾಚಿ ಅವನ ಕೈ ಹಿಡಿದಳು. ಗೊತ್ತಾಗುವ ಕೈ ಅದು.

"ನನಗಿನ್ನೂ ಸಾಬೂನು ಮಾಡೋದಿದೆ," ಅಂದಳು. "ಶಾಂಪೂ ಇದೆ, ತುಟಿಗೆ ಹಚ್ಚೋದಿದೆ. ಎಲ್ಲಾ ಹತ್ತತ್ತು ಸಲ ಫೇಲಾಗುತ್ತೆ. ಆರೋವರೆಗೂ ಕೈಯಾಡಿಸೋಕೆ ಯಾರಾದ್ರೂ ಬೇಕು. ಬರ್ತೀರಾ?"

"ಜೀವಮಾನ ಪೂರ್ತಿ ಬರ್ತೀನಿ," ಅಂದ ಅವನು.

ಒಳಗೆ ಹೋದರು. ಅವನು ಆ ಭಾನುವಾರದಂತೆಯೇ ಮುಂದಿನ ಕೋಣೆಯ ಕುರ್ಚಿಯತ್ತ ನಡೆದ. ಅಡುಗೆಮನೆಯಿಂದ ಅಜ್ಜಿ ಕೆಮ್ಮಿದರು. ಹೋಗಿ ನೋಡಿದರೆ ಕಟ್ಟೆಯ ಮೇಲೆ ಟ್ರೇ ಇರಲಿಲ್ಲ, ಸಾಸರೂ ಇರಲಿಲ್ಲ. ಗುಬ್ಬಿಯ ಸ್ಟೂಲಿನ ಪಕ್ಕದಲ್ಲಿ ಇನ್ನೊಂದು ಸ್ಟೂಲು ಬಂದು ಕೂತಿತ್ತು.

ಅಜ್ಜಿ ಹಬೆಯಾಡುವ ಅನ್ನದ ತಟ್ಟೆಯನ್ನು ನಡುಗುವ ಎರಡೂ ಕೈಗಳಲ್ಲಿ ಹಿಡಿದು ಅವನ ಕೈಗೆ ಕೊಟ್ಟರು.