ಮೂರು ಸಲ ಸತ್ತ ಮಾಮ

ಟಿ.ವಿ. ಪರದೆಯ ಮೇಲೆ ಒಬ್ಬ ಮನುಷ್ಯ ಗಾಳಿಯಲ್ಲಿ ನಿಂತಿದ್ದಾನೆ. ಕೆಂಪು ಅಂಗಿ, ದಪ್ಪ ಮೀಸೆ. ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿದ್ದಾನೆ. ಬಾಯಿ ತೆರೆದಿದೆ, ಕೂಗು ಇನ್ನೂ ಹೊರಗೆ ಬಂದಿಲ್ಲ. ಅವನ ಬೆನ್ನ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆಗಳು ಅವನಿಗಾಗಿಯೇ ಕಾಯುತ್ತಿವೆ. ಎದುರಿಗೆ ಕಪ್ಪು ಕನ್ನಡಕದ ಹೀರೋ ಒಂದು ಕಾಲೆತ್ತಿ ನಿಂತಿದ್ದಾನೆ. ಆ ಕಾಲಿಗೂ ಈ ಎದೆಗೂ ನಡುವೆ ಒಂದಿಷ್ಟು ಜಾಗವಿದೆ. ಬೆಕ್ಕೊಂದು ಅವಸರವಿಲ್ಲದೆ ಹಾರಿ ಹೋಗುವಷ್ಟು ಜಾಗ.

“ನೋಡ್ರೋ, ನೋಡ್ರೋ! ಕಾಲು ತಾಗೇ ಇಲ್ಲ!”

ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿ ಕೂಗಿದವನು ಸೋಡಾಬುಡ್ಡಿ. ಅವನ ಕನ್ನಡಕ ಅಷ್ಟು ದಪ್ಪ. ಹಾಗಾಗಿ ಕ್ಲಾಸಿಗೆಲ್ಲ ಅವನು ಸೋಡಾಬುಡ್ಡಿ. ಸುತ್ತ ಕುಳಿತ ಗೆಳೆಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಕುಳಿತಿದ್ದವಳು ಕಡ್ಡಿ ಒಬ್ಬಳೇ. ಮನೆ ಅವಳದು, ಟಿ.ವಿ. ಅವಳದು, ಗಾಳಿಯಲ್ಲಿ ನಿಂತ ಆ ಕೆಂಪಂಗಿಯ ಮನುಷ್ಯನೂ ಅವಳದೇ ಮಾಮ. ಅಮ್ಮನ ತಮ್ಮ.

“ನನ್ನ ಮಾಮ ಫೈಟ್ ಸ್ಟಾರ್ ಗೊತ್ತಾ?” ಎಂದು ಅವಳು ವಾರವಿಡೀ ಕ್ಲಾಸಿನಲ್ಲಿ ಹೇಳಿಕೊಂಡು ಓಡಾಡಿದ್ದಳು. ‘ರಕ್ತಕ್ಕೆ ರಿಪ್ಲೈ’ ಸಿನಿಮಾ ತೋರಿಸುತ್ತೇನೆಂದು ಈ ಭಾನುವಾರ ಎಲ್ಲರನ್ನೂ ಕರೆದವಳೂ ಅವಳೇ.

“ಅದಿರ್ಲಿ, ಈ ಅಂಕಲ್ ಆಗ್ಲೇ ಗೋಡೌನ್‌ನಲ್ಲಿ ಸತ್ತಿದ್ರಲ್ಲ?” ಎಂದ ಸೋಡಾಬುಡ್ಡಿ. “ಆಗ ನೀಲಿ ಅಂಗಿ, ಮೀಸೆ ಇರ್ಲಿಲ್ಲ ಅಷ್ಟೇ. ಅದಕ್ಕೂ ಮುಂಚೆ ಹೆಲ್ಮೆಟ್ ಹಾಕ್ಕೊಂಡು ಬೈಕಿಂದ ಬಿದ್ದು ಸತ್ತೋರೂ ಇವರೇ. ಬೂಟು ನೋಡಿ, ಅದೇ!”

“ಲೇ ಕಡ್ಡಿ, ನಿಮ್ಮ ಮಾಮಂಗೆ ಎಷ್ಟು ಜೀವಾನೇ?” ಎಂದು ಯಾರೋ ಕೇಳಿದರು. ಮತ್ತೆ ನಗು.

ಕಡ್ಡಿಗೆ ಆ ಅಂಗಿಯ ಗುಟ್ಟು ಗೊತ್ತಿತ್ತು. ಹೊಲಿದವಳು ಅಮ್ಮ. ಹೊರಗೆ ಕೆಂಪು, ಒಳಗೆ ನೀಲಿ. ಒಬ್ಬ ಸಾಯುವವನಿಗೆ ಎರಡು ಅಂಗಿ ಯಾಕೆ ಎಂದು ಪ್ರೊಡ್ಯೂಸರ್ ಕೇಳಿದ್ದರಂತೆ. ಹಾಗಾಗಿ ಮಾಮ ನೀಲಿಯಲ್ಲಿ ಸತ್ತು, ಎದ್ದು, ಅಂಗಿ ತಿರುವಿ ಹಾಕಿಕೊಂಡು, ಕೆಂಪಿನಲ್ಲಿ ಸಾಯಲು ಹೋಗಿದ್ದ.

ಆದರೆ ಅದನ್ನು ಈಗ ಹೇಳುವುದು ಹೇಗೆ?

ಸೋಮವಾರದ ಹೊತ್ತಿಗೆ ಅವಳಿಗೊಂದು ಹೊಸ ಹೆಸರು ಬಂದಿತ್ತು: ಸತ್ತ ಮಾಮನ ಸೊಸೆ. ಅವಳು ಕ್ಲಾಸಿನೊಳಗೆ ಕಾಲಿಟ್ಟರೆ ಸಾಕು, ಮುಂದಿನ ಬೆಂಚಿನವರು “ಆಆಆ!” ಎಂದು ಎದೆ ಹಿಡಿದುಕೊಂಡು ಉರುಳುತ್ತಿದ್ದರು.

ಕಡ್ಡಿ ಹಲ್ಲು ಕಚ್ಚಿದಳು. ಸೇಡು ತೀರಿಸಿಕೊಳ್ಳಲೇಬೇಕು!

ಅವಳಿಗೆ ಸೇಡಿನ ಸಿನಿಮಾ ಎಂದರೆ ಪ್ರಾಣ. ಶಾಲೆಯಲ್ಲಿ ನಿಮ್ಮ ಪೆನ್ಸಿಲ್ ಯಾರೋ ಮುರಿದರೆ ಅದು ಮುರಿದೇ ಇರುತ್ತದೆ. ಮೇಷ್ಟ್ರಿಗೆ ಹೇಳಿದರೂ “ಹೋಗ್ಲಿ ಬಿಡು” ಅನ್ನುತ್ತಾರೆ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಯಾರೂ ಹೋಗಲಿ ಬಿಡು ಅನ್ನುವುದಿಲ್ಲ. ಆದ ಅನ್ಯಾಯಕ್ಕೆಲ್ಲ ಸಿನಿಮಾ ಮುಗಿಯುವುದರೊಳಗೆ ಉತ್ತರ ಸಿಗುತ್ತದೆ, ಅದೂ ಮ್ಯೂಸಿಕ್ ಸಮೇತ.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಸೋಡಾಬುಡ್ಡಿಗಾಗಿ ಕಾಯುತ್ತ ಸೈಕಲ್ ಸ್ಟ್ಯಾಂಡಿನ ಗೋಡೆಯ ಹಿಂದೆ ನಿಂತಳು. ಜಡೆಯ ರಿಬ್ಬನ್ ಬಿಚ್ಚಿ ಹಣೆಗೆ ಕಟ್ಟಿಕೊಂಡಳು. ಅದು ಜಾರಿ ಕಣ್ಣಿನ ಮೇಲೆ ಕುಳಿತಿತು. ಪರವಾಗಿಲ್ಲ, ಹೀರೋ ಕೂಡ ಹೆಜ್ಜೆಯ ಸದ್ದಿನಿಂದಲೇ ಶತ್ರುವನ್ನು ಗುರುತಿಸುತ್ತಾನೆ.

ಹೆಜ್ಜೆಯ ಸದ್ದು ಬಂತು.

“ನಿನ್ನ ಅಂತ್ಯ ಹತ್ತಿರ ಬಂತು!” ಎಂದು ಕಿರುಚಿ ಕಡ್ಡಿ ಹಾರಿ ಒದ್ದಳು. ಕಾಲು ಯಾರಿಗೂ ತಾಗಲಿಲ್ಲ. ಬೂಟು ಮಾತ್ರ ಕಾಲನ್ನು ಬಿಟ್ಟು ಹೊರಟು, ಒಂದು ಟೀ ಲೋಟವನ್ನು ಉರುಳಿಸಿತು. ಅವಳು ಅಂಗಾತ ಬಿದ್ದಳು.

ರಿಬ್ಬನ್ ಸರಿಸಿ ನೋಡಿದರೆ ಎದುರಿಗೆ ಡ್ರಿಲ್ ಮೇಷ್ಟ್ರು. ಷರಟಿನ ಮೇಲೆಲ್ಲ ಟೀ.

“ನಾನೇನಮ್ಮಾ ಮಾಡಿದ್ದೆ ನಿಂಗೆ?” ಎಂದರು ಅವರು, ನಿಜವಾದ ದುಃಖದಿಂದ.

ಸಂಜೆ ಮಾಮ ಶೂಟಿಂಗ್ ಮುಗಿಸಿ ಬಂದು, ಬಲ ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಕಡ್ಡಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಟೀ ಲೋಟದ ಭಾಗ ಬಂದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ನಗಬೇಡ ಮಾಮ! ನೀನು ಯಾಕೆ ಬರೀ ಸಾಯ್ತೀಯ? ಹೀರೋ ಆಗಕ್ಕೆ ಏನು ಕಷ್ಟ ನಿಂಗೆ?”

“ನನ್ನ ಮುಖ ನೋಡು ಮರಿ. ನೋಡಿದ ತಕ್ಷಣ ಒಂದು ಬಿಡೋಣ ಅನ್ಸಲ್ವಾ? ದೇವರು ಕೊಟ್ಟಿದ್ದು.”

ಕಡ್ಡಿಗೆ ನಗು ಬರಲಿಲ್ಲ.

“ಅದ್ಸರಿ,” ಮಾಮ ಕೇಳಿದ, “ಬೂಟು ಅದೇ ಅಂತ ಆ ಹುಡುಗನೇ ಕಂಡುಹಿಡಿದ್ನಾ?”

“ಹೂಂ.”

“ಹೆಲ್ಮೆಟ್ ಒಳಗೆ ಇದ್ದೋನೂ ನಾನೇ ಅಂತ?”

“ಹೂಂ.”

ಮಾಮ ಬಿಸಿನೀರಿನ ಚೀಲವನ್ನು ಕೆಳಗಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ, “ನಾಳೆ ಅವನನ್ನ ಮನೆಗೆ ಕರ್ಕೊಂಡು ಬಾ” ಎಂದ.

ಕಡ್ಡಿಯ ಮೈ ಜುಮ್ಮೆಂದಿತು. ಇಂಟರ್‌ವಲ್‌ಗೆ ಮುಂಚೆ ಹೀರೋ ಮಾತಾಡುವುದು ಇದೇ ದನಿಯಲ್ಲಿ.

“ನನ್ನ ಮಾಮ ಕರೀತಿದಾನೆ. ಧೈರ್ಯ ಇದ್ರೆ ಬಾ,” ಎಂದು ಅವಳು ಮರುದಿನ ಸೋಡಾಬುಡ್ಡಿಗೆ ಹೇಳಿದಳು.

ಅವನು ಬಂದ. ಒಬ್ಬನೇ ಬಂದ. ಮುಖ ಸಣ್ಣಗಾಗಿತ್ತು. ಮಾಮ ಅವನ ಹಿಂದೆ ಬಾಗಿಲು ಹಾಕಿದ. ಸೋಡಾಬುಡ್ಡಿ ಮೆಲ್ಲಗೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

“ಯಾಕಪ್ಪಾ ತೆಗ್ದೆ?”

“ಒಡೆದ್ರೆ ಮನೇಲಿ ಬೈತಾರೆ ಅಂಕಲ್,” ಎಂದು ಕಣ್ಣು ಮುಚ್ಚಿ ನಿಂತ.

ಕಡ್ಡಿ ಇದೇ ಗಳಿಗೆಗಾಗಿ ಕಾದಿದ್ದಳು. ಆದರೆ ಕನ್ನಡಕವಿಲ್ಲದ ಆ ಮುಖ ಎಷ್ಟು ಚಿಕ್ಕದಾಗಿ ಕಂಡಿತೆಂದರೆ, ಅವಳು ತಲೆ ಬೇರೆ ಕಡೆ ತಿರುಗಿಸಿದಳು.

ಮಾಮ ಒಂದು ಕುರ್ಚಿ ಎಳೆದ. “ಕೂತ್ಕೋ. ಕನ್ನಡಕ ಹಾಕ್ಕೋ ಮೊದ್ಲು. ಅದಿಲ್ದೆ ನನ್ನ ಹೇಗೆ ನೋಡ್ತೀಯ? ನೋಡಪ್ಪಾ, ನಾನು ಎಷ್ಟೋ ವರ್ಷದಿಂದ ಸಾಯ್ತಾನೇ ಇದೀನಿ. ಅದೇ ಮನುಷ್ಯ ಮತ್ತೆ ಬಂದ ಅಂತ ಗುರುತು ಹಿಡಿದೋನು ನೀನೊಬ್ನೇ ಕಣೋ. ಥಿಯೇಟರ್‌ನಲ್ಲಿ ನಮ್ಮಕ್ಕ ಬೇರೆ ಯಾರದೋ ಹೆಣ ನೋಡ್ಕೊಂಡು ಅತ್ತಿದ್ಲು.”

“ಎಲ್ಲಾ ಹೆಣಾನೂ ಬೋರಲು ಬಿದ್ದಿದ್ರೆ ನಾನೇನೋ ಮಾಡ್ಲಿ!” ಒಳಗೆ ಹೊಲಿಗೆ ಮಿಷನ್ ನಿಲ್ಲಿಸಿ ಅಮ್ಮ ಕೂಗಿದಳು.

ಸೋಡಾಬುಡ್ಡಿ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಕನ್ನಡಕ ಹಾಕಿಕೊಂಡ. “ಅಂಕಲ್, ಗೋಡೌನ್‌ನಲ್ಲಿ ಸತ್ತ ಮೇಲೆ ನೀವು ಮೂಗು ಅಲ್ಲಾಡಿಸಿದ್ರಿ.”

“ನೊಣ ಕೂತಿತ್ತು ಮಾರಾಯ! ಅದನ್ನೂ ನೋಡಿದ್ಯಾ?”

“ಆಮೇಲೆ ಮನೇಲಿ ಇನ್ನೂ ಎರಡು ಸಲ ನೋಡ್ದೆ. ತಪ್ಪು ಹುಡುಕೋಣ ಅಂತಾನೇ ಕೂತೆ. ಆದ್ರೆ ಹೀರೋ ಅವರಮ್ಮನ ಚಪ್ಪಲಿ ಹಿಡ್ಕೊಂಡು ಅಳ್ತಾನಲ್ಲ, ಅಲ್ಲಿ...” ಅವನು ಕನ್ನಡಕ ಒರೆಸಿಕೊಂಡ. “ಅಲ್ಲಿ ತಪ್ಪು ಹುಡುಕೋದು ಮರ್ತೇಹೋಗುತ್ತೆ.”

ಕಡ್ಡಿ ಥಟ್ಟನೆ ಅವನ ಕಡೆ ನೋಡಿದಳು. ಅವಳಿಗೂ ಅಲ್ಲಿಯೇ ಅಳು ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

“ಮತ್ತೆ ಆ ಕಾಲು ಯಾಕೆ ಅಂಕಲ್ ತಾಗಲ್ಲ?”

“ತಾಗಿದ್ರೆ ನೋವಾಗುತ್ತಲ್ಲಪ್ಪಾ!” ಮಾಮ ಎದ್ದು ನೆಲಕ್ಕೆ ಹಾಸಿಗೆ ಎಳೆದ. “ಹೀರೋ ಸುಮ್ನೆ ಕಾಲೆತ್ತುತ್ತಾನೆ. ಒದ್ದಿದ್ದು ಜೋರಾ ಮೆಲ್ಲಗಾ ಅಂತ ಹೇಳೋದು ಬೀಳೋರ ಕೆಲಸ. ಬಾ, ನೀನೂ ಒದಿ.”

ಅಷ್ಟು ಹೇಳಿ ಮಾಮ ಕೈ ಚಾಚಿದ. ಬಲ ಭುಜ ಹಿಡಿದುಕೊಂಡಿತು. ಅವನ ಮುಖ ಒಂದು ಕ್ಷಣ ಕಿವುಚಿಕೊಂಡಿತು. ಇದು ಸಿನಿಮಾದ ಮುಖವಲ್ಲ ಎಂದು ಕಡ್ಡಿಗೆ ತಿಳಿಯಿತು.

“ನೀನು ಕೂತ್ಕೋ ಮಾಮ,” ಎಂದಳು ಅವಳು. “ನಾನು ಬೀಳ್ತೀನಿ.”

ಅವಳು ಹಾಸಿಗೆಗೆ ಬೆನ್ನು ಮಾಡಿ ನಿಂತಳು. ಸೋಡಾಬುಡ್ಡಿ ಎದುರಿಗೆ ನಿಂತ. ಕ್ಲಾಸಿನಲ್ಲಿ ಯಾವ ಆಟಕ್ಕೂ ಅವನನ್ನು ಯಾರೂ ಮೊದಲು ಕರೆಯುತ್ತಿರಲಿಲ್ಲ. ಕಡೆಯಲ್ಲಿ ಉಳಿದವನನ್ನು ಯಾರಾದರೂ ತೆಗೆದುಕೊಳ್ಳಲೇಬೇಕು ಎಂದು ತೆಗೆದುಕೊಳ್ಳುತ್ತಿದ್ದರು. ಅವನು ಉಸಿರು ಬಿಗಿಹಿಡಿದು ಒದ್ದ. ಕಾಲು ಅವನದೇ ಮೊಣಕಾಲಿನ ಎತ್ತರಕ್ಕೂ ಏಳಲಿಲ್ಲ.

ಕಡ್ಡಿಗೆ ಒಳಗೊಳಗೇ ನಗು ಉಕ್ಕಿತು. ಒಮ್ಮೆ ನಕ್ಕುಬಿಟ್ಟರೆ ಸಾಕಿತ್ತು, ಸೇಡು ತೀರುತ್ತಿತ್ತು.

“ಆಆಆ!” ಎಂದು ಕಿರುಚಿ ಅವಳು ಹಿಂದಕ್ಕೆ ಹಾರಿದಳು. ಹಾಸಿಗೆಯ ಮೇಲೆ ಬಿದ್ದು, ಎರಡು ಉರುಳು ಉರುಳಿ, ಅಮ್ಮನ ಬಟ್ಟೆಯ ಗಂಟನ್ನು ಕೆಡವಿ, ಕೈಕಾಲು ಚೆಲ್ಲಿ ಸತ್ತಳು.

ಸೋಡಾಬುಡ್ಡಿ ತನ್ನ ಕಾಲನ್ನೇ ನೋಡುತ್ತಿದ್ದ, ಅದು ಬೇರೆ ಯಾರದೋ ಎಂಬಂತೆ.

“ನಾಳೆ ಸ್ಕೂಲಲ್ಲೂ ಹೀಗೇ ಬೀಳ್ತೀಯಾ? ಎಲ್ಲರ ಮುಂದೆ?” ಎಂದು ಮೆಲ್ಲಗೆ ಕೇಳಿದ.

“ಬೀಳ್ತೀನಿ,” ಎಂದಿತು ಹೆಣ. “ಇದು ಕಲ್ಸಿದ್ದು ಯಾರು ಅಂತ ನೀನೇ ಎಲ್ಲರಿಗೂ ಹೇಳ್ಬೇಕು.”

“ಹೇಳ್ತೀನಿ. ಮೂಗು ಅಲ್ಲಾಡಿಸಬೇಡ.”

ಮಾಮ ಮುಖ ತಿರುಗಿಸಿ ಕೆಮ್ಮಿದ.

ಸೋಡಾಬುಡ್ಡಿ ಹೊರಟ. ಎದೆ ಉಬ್ಬಿಸಿ, ಸ್ಲೋ ಮೋಷನ್‌ನಲ್ಲಿ ಹೆಜ್ಜೆ ಹಾಕಿದ. ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು; ಆದರೂ ತಿರುಗಿ ನೋಡಲಿಲ್ಲ.

ಕಡ್ಡಿಯ ಮೂಗಿನ ತುದಿಯಲ್ಲಿ ಬಟ್ಟೆಯ ನೂಲೊಂದು ಕಚಗುಳಿ ಇಡುತ್ತಿತ್ತು. ಸೀನು ಬರುವಂತಿತ್ತು. ಅವನು ಒಂದು ವೇಳೆ ತಿರುಗಿ ನೋಡಿಬಿಟ್ಟರೆ? ಅವಳು ಉಸಿರು ಹಿಡಿದು, ಕಣ್ಣು ತೆರೆಯದೆ ಸತ್ತೇ ಇದ್ದಳು, ಅವನ ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳುವವರೆಗೂ.